ನಿಂಬೆ ಎಲೆಯ ಮೇಲೆ ಬೆಳ್ಳಿ ಗೆರೆ: ಯಾವ ಹುಳು ಇದು?

ತಾರಸಿಗಿಡ (ಬೆಂಗಳೂರು), ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯಲ್ಲಿ ಎರಡು ನಿಂಬೆ ಗಿಡ ಇವೆ. ಒಂದು ನಾಟಿ, ಇನ್ನೊಂದು ಗಜನಿಂಬೆ. ಎರಡೂ ಡ್ರಮ್ಮಿನಲ್ಲಿವೆ, ಮೂರು ವರ್ಷದವು. ಜುಲೈ ಮಳೆಗೆ ಚೆನ್ನಾಗಿ ಚಿಗುರಿದವು. ಖುಷಿಪಡುವಷ್ಟರಲ್ಲಿ ಚಿಗುರೆಲೆಗಳ ಮೇಲೆಲ್ಲ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ! ಮಕ್ಕಳು ಜೆಲ್ ಪೆನ್ನಿನಲ್ಲಿ ಗೀಚಿದ ಹಾಗಿದೆ. ಕೆಲವು ಎಲೆ ಮುರುಟಿಕೊಂಡಿವೆ.

ನಮ್ಮತ್ತೆ ನೋಡಿ, ಬಸವನಹುಳು ಹರಿದ ಗುರುತು ಅಂದರು. ರಾತ್ರಿ ಟಾರ್ಚ್ ಹಿಡಿದು ಎರಡು ದಿನ ಕಾದೆ, ಒಂದೂ ಸಿಗಲಿಲ್ಲ. ಹತ್ತಿರದ ಗೊಬ್ಬರದಂಗಡಿಗೆ ಎಲೆ ತೆಗೆದುಕೊಂಡು ಹೋದೆ. ಎಲೆ ಕೈಯಲ್ಲೂ ಹಿಡಿಯದೆ ಮೂರು ಬಾಟ್ಲಿ ಕಟ್ಟಿಕೊಟ್ಟರು. ಒಂದನ್ನು ಹೊಡೆದೆ. ಗೆರೆ ಹಾಗೇ ಇದೆ, ಹೊಸ ಎಲೆಗೂ ಬಂದಿದೆ. ಉಳಿದೆರಡು ಬಾಟ್ಲಿ ಸೀಲ್ ಒಡೆದಿಲ್ಲ. ಫೋಟೋ ಹಾಕಿದ್ದೀನಿ. ಯಾವ ಹುಳು ಇದು, ಎಲ್ಲಿರುತ್ತೆ?

ಹಸಿರುಮನೆ99, ಆಗಸ್ಟ್ 9

ಎಲೆ ಮುರುಟಿದೆ ಅಂದ್ರೆ ವೈರಸ್ಸು ಇಲ್ಲಾ ನುಸಿ. ಚಿಗುರೆಲ್ಲ ಕತ್ತರಿಸಿ ಬಿಸಾಕಿ. ಆಮೇಲೆ ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡೀರಿ, ವಾರಕ್ಕೊಂದು ಸಲ. ನಾನು ಎಲ್ಲದಕ್ಕೂ ಅದನ್ನೇ ಹೊಡೆಯೋದು.

ಭೂತಗನ್ನಡಿ (ಮೈಸೂರು), ಆಗಸ್ಟ್ 9

ಕತ್ತರಿ ಕೆಳಗಿಡಿ, ಒಂದು ದಿನ ತಡೆಯಿರಿ. ಫೋಟೋ ಸ್ವಲ್ಪ ಮಸುಕಾಗಿದೆ. ಮೂರು ಕೆಲಸ ಮಾಡಿ ಹೇಳಿ.

ಗೆರೆಯ ಮೇಲೆ ಒದ್ದೆ ಬೆರಳಲ್ಲಿ ಉಜ್ಜಿ. ಬಸವನಹುಳುವಿನ ಲೋಳೆಯಾದರೆ ಹೋಗುತ್ತದೆ. ಆಮೇಲೆ ಎಲೆಯನ್ನು ಬೆಳಕಿಗೆ ಹಿಡಿದು, ಗೆರೆಯ ಒಳಗೆ ಕಪ್ಪು ಎಳೆ ಏನಾದರೂ ಇದೆಯಾ, ಇದ್ದರೆ ನಡುವೆ ಇದೆಯಾ ಇಲ್ಲಾ ಆಚೆ ಈಚೆ ದಡದಲ್ಲಿದೆಯಾ ನೋಡಿ. ಕೊನೆಗೆ, ಗೆರೆ ಮುಗಿಯುವ ಜಾಗ ಹುಡುಕಿ. ಅಲ್ಲಿ ಎಲೆಯ ಅಂಚು ಹೇಗಿದೆ?

ತಾರಸಿಗಿಡ, ಆಗಸ್ಟ್ 10

ನೋಡಿದೆ ಸರ್. ಎಷ್ಟು ಉಜ್ಜಿದರೂ ಹೋಗಲ್ಲ. ಗೆರೆ ಎಲೆಯ ಮೇಲಿಲ್ಲ, ಎಲೆಯ ಒಳಗಿದೆ! ಮೇಲೊಂದು ತೆಳು ಸಿಪ್ಪೆ, ಈರುಳ್ಳಿ ಪೊರೆ ಥರ. ಗೆರೆಯ ಸರಿಯಾಗಿ ನಡುಮಧ್ಯೆ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಎಳೆ. ಒಂದು ಎಲೆಯಲ್ಲಿ ಗೆರೆಯ ತುದಿಯಲ್ಲಿ ತಿಳಿ ಹಳದಿ ಬಣ್ಣದ್ದು ಏನೋ ಇದೆ. ಎಳ್ಳಿಗಿಂತ ಕಿರಿದು. ಸೂಜಿಯಿಂದ ಪಕ್ಕದಲ್ಲಿ ಒತ್ತಿದರೆ ಮಿಸುಕಾಡಿತು.

ಇನ್ನೆರಡು ಎಲೆಯಲ್ಲಿ ಗೆರೆ ಅಂಚಿಗೆ ಹೋಗಿ ನಿಂತಿದೆ. ಅಲ್ಲಿ ಎಲೆ ಮಡಚಿಕೊಂಡಿದೆ. ಕರಜಿಕಾಯಿ ಅಂಚು ಒತ್ತಿದ ಹಾಗೆ.

ಭೂತಗನ್ನಡಿ, ಆಗಸ್ಟ್ 10

ಕರಜಿಕಾಯಿ! ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಇನ್ನು ಮುಂದೆ ನಾನೂ ಹಾಗೇ ಹೇಳ್ತೀನಿ.

ಇದು ನಿಂಬೆ ಜಾತಿಯ ಎಲೆ ಸುರಂಗ ಹುಳು. ರೈತರು ರಂಗೋಲಿ ಹುಳು ಅಂತಲೂ ಅಂತಾರೆ. ಪುಸ್ತಕದ ಹೆಸರು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ. ಇದೊಂದು ಪತಂಗದ ಮರಿ. ಇಂಗ್ಲೆಂಡಿನ ಸ್ಟೈನ್‌ಟನ್ ಎಂಬ ಕೀಟತಜ್ಞ 1856ರಲ್ಲಿ ಇದಕ್ಕೆ ಹೆಸರಿಟ್ಟ. ಅವನಿಗೆ ಸಿಕ್ಕ ಮಾದರಿಗಳು ಕಲ್ಕತ್ತದವು. ಅಂದರೆ ಹುಳು ನಮ್ಮ ಕಡೆಯದೇ. ಏಷ್ಯಾದಿಂದ ಹೊರಟು ಈಗ ನಿಂಬೆ, ಕಿತ್ತಳೆ ಬೆಳೆಯುವ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಇದೆ.

ಫೋಟೋದಲ್ಲಿ ಪತಂಗವೇ ಇಲ್ಲ, ಹೇಗೆ ಹೇಳ್ತೀರಿ ಅಂತ ಕೇಳಬಹುದು. ಇಂಥ ಹುಳುಗಳನ್ನು ಗುರುತಿಸೋದು ಮುಖ ನೋಡಿ ಅಲ್ಲ, ಕೈಬರಹ ನೋಡಿ. ಯಾವ ಗಿಡ, ಎಲೆಯ ಯಾವ ಭಾಗ, ಗೆರೆಯೋ ಬೊಬ್ಬೆಯೋ, ಹಿಕ್ಕೆ ಹೇಗೆ ಬಿದ್ದಿದೆ, ಗೂಡು ಎಲ್ಲಿ ಕಟ್ಟಿದೆ. ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಸಲ ಹುಳು ನೋಡಬೇಕಾಗಿಯೇ ಇಲ್ಲ.

ನೀವು ಕಂಡ ಕಪ್ಪು ಎಳೆ ಹುಳುವಿನ ಹಿಕ್ಕೆ. ಮುಂದೆ ಮೇಯುತ್ತಾ, ಹಿಂದೆ ಹಾಕುತ್ತಾ ಹೋಗುತ್ತದೆ. ನಡುಮಧ್ಯೆ ಒಂದೇ ಎಳೆ ಇದ್ದರೆ, ಅದೂ ನಿಂಬೆ ಎಲೆಯಲ್ಲಿ, ಅಂಚಿನಲ್ಲಿ ಮಡಿಕೆಯೂ ಇದ್ದರೆ ಇದೇ ಹುಳು. ಟೊಮೆಟೊ, ಹುರುಳಿಕಾಯಿ ಎಲೆಯಲ್ಲೂ ಬಿಳಿ ಗೆರೆ ಇರುತ್ತದಲ್ಲ, ಅದು ಪತಂಗವೇ ಅಲ್ಲ, ಸಣ್ಣ ನೊಣದ ಮರಿ. ಲಿರಿಯೊಮೈಜಾ ಅಂತ. ಅದು ಒಂದು ಮಗ್ಗುಲಲ್ಲಿ ಮಲಗಿ ಮೇಯುತ್ತದೆ, ಆಗಾಗ ಮಗ್ಗುಲು ಬದಲಿಸುತ್ತದೆ. ಹಾಗಾಗಿ ಹಿಕ್ಕೆ ಒಮ್ಮೆ ಎಡದಂಡೆ, ಒಮ್ಮೆ ಬಲದಂಡೆಯಲ್ಲಿ ತುಂಡು ತುಂಡಾಗಿ ಬಿದ್ದಿರುತ್ತದೆ. ಬೆಳೆದ ಮೇಲೆ ಎಲೆ ತೂತು ಮಾಡಿಕೊಂಡು ಮಣ್ಣಿಗೆ ಬೀಳುತ್ತದೆ. ಎರಡಕ್ಕೂ ನಮ್ಮ ಜನ ರಂಗೋಲಿ ಹುಳು ಅಂತಲೇ ಕರೆಯುತ್ತಾರೆ. ಗೊಂದಲ ಅಲ್ಲಿಂದಲೇ ಶುರು.

ನುಸಿಯೂ ಅಲ್ಲ, ವೈರಸ್ಸೂ ಅಲ್ಲ, ಹಸಿರುಮನೆ ಅವ್ರೇ. ಎಳೆ ಎಲೆ ಬೆಳೆಯುವಾಗ ಒಂದು ಕಡೆ ಸಿಪ್ಪೆ ಸತ್ತಿರುತ್ತದೆ, ಇನ್ನೊಂದು ಕಡೆ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಮುರುಟೋದು.

ತಾರಸಿಗಿಡ, ಆಗಸ್ಟ್ 10

ಆ ಬೆಳ್ಳಿ ಹೊಳಪು ಯಾಕೆ ಬರುತ್ತೆ? ಹುಳುವಿನ ಲೋಳೆನಾ?

ಭೂತಗನ್ನಡಿ, ಆಗಸ್ಟ್ 10

ಗಾಳಿ. ಬೇರೇನೂ ಇಲ್ಲ.

ಈ ಹುಳುವಿಗೆ ಕಾಲಿಲ್ಲ. ತಲೆ ಚಪ್ಪಟೆ, ಬೆಣೆಯ ಹಾಗೆ. ಬಾಯಿ ಎಲೆ ಅಗಿಯೋದಕ್ಕೆ ಆಗೋದಿಲ್ಲ. ಎಲೆಯ ಹೊರಪದರದ ಜೀವಕೋಶಗಳನ್ನು ಕತ್ತರಿಸಿ, ಒಸರುವ ರಸ ಕುಡಿಯುತ್ತದೆ. ಒಳಗಿನ ಹಸಿರು ಭಾಗ ಮುಟ್ಟುವುದಿಲ್ಲ. ತೆಳು ಸಿಪ್ಪೆ ಮೇಲೆ ಉಳಿಯುತ್ತದೆ, ಅದರಡಿಗೆ ಗಾಳಿ ತುಂಬಿಕೊಳ್ಳುತ್ತದೆ. ಬೆಳಕು ಬಿದ್ದಾಗ ಬೆಳ್ಳಿ. ಹಸಿರು ಹಾಗೇ ಇರೋದರಿಂದ ಗೆರೆ ಬಿದ್ದ ಎಲೆಯೂ ಗಿಡಕ್ಕೆ ಅನ್ನ ಬೇಯಿಸುತ್ತಲೇ ಇರುತ್ತದೆ. ಅದಕ್ಕೇ ಕತ್ತರಿ ಕೆಳಗಿಡಿ ಅಂದಿದ್ದು. ಕತ್ತರಿಸಿದರೆ ಗಿಡ ಮತ್ತೆ ಚಿಗುರುತ್ತದೆ. ಪತಂಗಕ್ಕೆ ಬೇಕಾಗಿರೋದೂ ಆ ಚಿಗುರೇ.

ಗೇರುಗುಡ್ಡೆ (ಪುತ್ತೂರು), ಆಗಸ್ಟ್ 11

ಹೌದು ಮಾರಾಯ್ರೆ, ನಮ್ಮ ಗೇರು ಚಿಗುರಿಗೂ ಹೀಗೇ ಒಂದುಂಟು. ಆದರೆ ಗೆರೆ ಅಲ್ಲ, ಬೊಬ್ಬೆ. ಬಿಸಿ ಎಣ್ಣೆ ಸಿಡಿದು ಕೈಯಲ್ಲಿ ಏಳುತ್ತದಲ್ಲ, ಹಾಗೆ ಎಲೆಯ ಮೇಲೆ ಬೂದು ಬಣ್ಣದ ಬೊಬ್ಬೆ. ಆಮೇಲೆ ಒಣಗಿ ಉದುರಿ ದೊಡ್ಡ ತೂತು. ಒಳಗಿನ ಹುಳು ಮೊದಲು ಬಿಳಿ, ದೊಡ್ಡದಾದ ಮೇಲೆ ಕೆಂಪು. ಇದೂ ಅದೇ ಪತಂಗವಾ?

ಭೂತಗನ್ನಡಿ, ಆಗಸ್ಟ್ 11

ದಾಯಾದಿ. ಅದು ಅಕ್ರೊಸೆರ್ಕಾಪ್ಸ್ ಸಿಂಗ್ರಾಮ್ಮಾ. ಇಬ್ಬರದೂ ಒಂದೇ ಕುಟುಂಬ, ಗ್ರಾಸಿಲ್ಲಾರಿಡೇ. ಆದರೆ ಬುದ್ಧಿ ಬೇರೆ. ಗೇರಿನದು ಬಲಿತ ಮೇಲೆ ಎಲೆ ಬಿಟ್ಟು ಮಣ್ಣಿಗೆ ಇಳಿದು ಗೂಡು ಕಟ್ಟುತ್ತದೆ. ನಿಂಬೆಯದು ಎಲೆ ಬಿಟ್ಟು ಹೋಗುವುದೇ ಇಲ್ಲ. ಮಾವಿನ ಎಳೆ ಎಲೆಯ ಬೊಬ್ಬೆಯೂ ಅಕ್ರೊಸೆರ್ಕಾಪ್ಸ್ ಕಡೆಯವರದೇ ಕೆಲಸ.

ಚಿತ್ರದುರ್ಗ, ಪಾವಗಡ ಕಡೆಯವರು ಯಾರಾದರೂ ಇದ್ದರೆ ಶೇಂಗಾ ಸುರುಳಿ ಪೂಚಿ ಬಗ್ಗೆ ಕೇಳುತ್ತಾರೆ, ಮೊದಲೇ ಹೇಳಿಬಿಡ್ತೀನಿ. ಅದು ಬೇರೆ ಕುಟುಂಬ. ಚಿಕ್ಕವನಿದ್ದಾಗ ಎಲೆಯೊಳಗೆ ಸುರಂಗ, ದೊಡ್ಡವನಾದ ಮೇಲೆ ಹೊರಗೆ ಬಂದು ಎಲೆಗಳನ್ನು ನೂಲಿನಿಂದ ಹೆಣೆದು ಒಳಗೆ ಕೂರುತ್ತದೆ. ಟೊಮೆಟೊಗೆ 2014ರಿಂದ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಟ್ಯೂಟಾ ಅನ್ನೋ ಹುಳು ಕೂಡ ಅದೇ ಕುಟುಂಬದ್ದು. ಅದರ ಕಥೆ ಬೇರೆಯೇ ಚರ್ಚೆಯಲ್ಲಿ ಮಾತಾಡೋಣ, ಇಲ್ಲಿ ತಂದರೆ ನಿಂಬೆ ಮರೆತುಹೋಗುತ್ತದೆ.

ಇಂಡಿನಿಂಬೆ (ಇಂಡಿ, ವಿಜಯಪುರ), ಆಗಸ್ಟ್ 11

ಅಕ್ಕಾರ, ಇಷ್ಟಕ್ಕ ಯಾಕ ಗಾಬರಿ ಆಗತೀರಿ. ನಮ್ಮ ತೋಟದಾಗ 400 ಗಿಡ ಅದಾವ. ಎಲ್ಲಾದರ ಮ್ಯಾಲೂ ಈ ರಂಗೋಲಿ ಐತಿ. ಹುಳಕ್ಕ ಏನ ಗೊತ್ತರಿ, 2023ರಾಗ ಇಂಡಿ ಲಿಂಬಿಗೆ ಜಿಐ (ಊರ ಹೆಸರಿನ ಸರ್ಕಾರಿ ಗುರುತು) ಸಿಕ್ಕೈತಿ ಅಂತ!

ಎಲ್ಲರಿಗೂ ತಿಳಿಯಲಿ ಅಂತ ಪುಸ್ತಕದ ಭಾಷೆಯಲ್ಲೇ ಬರೀತೀನಿ. ಐದು ವರ್ಷ ದಾಟಿದ ಗಿಡಕ್ಕೆ ನಾವು ಈ ಹುಳುವಿಗೆ ಅಂತ ಔಷಧ ಹೊಡೆಯುವುದಿಲ್ಲ. ಕಾಯಿ ಕಡಿಮೆಯಾಗಿಲ್ಲ. ಆದರೆ ಸಸಿ ಮಡಿಯಲ್ಲಿ, ಹೊಸದಾಗಿ ಹಚ್ಚಿದ ಗಿಡದಲ್ಲಿ ಬಿಡುವುದಿಲ್ಲ. ಸಣ್ಣ ಗಿಡಕ್ಕೆ ಇರೋದೇ ನಾಲ್ಕು ಚಿಗುರು. ನಾಲ್ಕೂ ಮುರುಟಿದರೆ ಗಿಡ ಏಳುವುದು ಹೇಗೆ?

ಇನ್ನೊಂದು ಮಾತು. ನಮಗೆ ನಿಜವಾದ ಭಯ ಹುಳುವಿನದಲ್ಲ, ಕಜ್ಜಿ ರೋಗದ್ದು. ಹುಳು ಕೊರೆದ ಎಲೆಗೆ ಮಳೆ ಹನಿ ಬಿದ್ದರೆ ಕಜ್ಜಿ ಬೇಗ ಹತ್ತುತ್ತದೆ. ಒಂದು ಮಳೆಗಾಲದಲ್ಲಿ ಗೆರೆಯ ಉದ್ದಕ್ಕೂ ಸಾಲಾಗಿ ಕಂದು ಕಜ್ಜಿ ಎದ್ದಿದ್ದನ್ನು ನೋಡಿದ್ದೇನೆ. ಥೇಟ್ ರಂಗೋಲಿ ಚುಕ್ಕಿ. ಆ ವರ್ಷ ಕಾಯಿಗೂ ಹತ್ತಿತು. ಕಜ್ಜಿ ಇರುವ ಲಿಂಬಿಕಾಯಿಗೆ ಪೇಟೆಯಲ್ಲಿ ಯಾರೂ ರೇಟ್ ಕೇಳುವುದಿಲ್ಲ.

ಭೂತಗನ್ನಡಿ, ಆಗಸ್ಟ್ 11

ಸರಿಯಾದ ಮಾತು ಅಣ್ಣಾ. ಕಜ್ಜಿ ತರೋದು ಜಾಂಥೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ. ಹುಳು ಅದನ್ನು ಹೊತ್ತು ತರೋದಿಲ್ಲ. ಬಾಗಿಲು ತೆರೆದಿಟ್ಟು ಹೋಗುತ್ತದೆ ಅಷ್ಟೇ. ಗಾಯವಾದ ಸಿಪ್ಪೆ, ಅದರ ಮೇಲೆ ಗಾಳಿ ಮಳೆ. ಅದಕ್ಕೆ ಅಷ್ಟು ಸಾಕು.

ತಾರಸಿಗಿಡ ಅವ್ರೇ, ನಿಮ್ಮ ಎಲೆಗಳಲ್ಲಿ ಒರಟು ಕಂದು ಗುಳ್ಳೆ, ಸುತ್ತ ಹಳದಿ ಉಂಗುರ ಇದೆಯಾ? ಇಲ್ಲ ಅಂದ್ರೆ ನಿಶ್ಚಿಂತೆಯಾಗಿರಿ.

ತಾರಸಿಗಿಡ, ಆಗಸ್ಟ್ 11

ಇಲ್ಲ ಸರ್, ಕಜ್ಜಿ ಇಲ್ಲ. ಹಾಗಿದ್ದರೆ ಪತಂಗ ಹೊರಗೆ ಬರೋದನ್ನು ನೋಡಬಹುದಾ? ಮಗಳಿಗೆ ಶಾಲೆಯಲ್ಲಿ ಚಿಟ್ಟೆಯ ಜೀವನಚಕ್ರ ಪಾಠ ಇದೆ. ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಅಂತ ನಾಲ್ಕು ಚಿತ್ರ ಬರೆದು ಬಣ್ಣ ಹಚ್ಚಿದ್ದಾಳೆ. ನಿಜವಾದದ್ದನ್ನೇ ತೋರಿಸೋಣ ಅಂತ.

ಭೂತಗನ್ನಡಿ, ಆಗಸ್ಟ್ 11

ಖಂಡಿತ. ಮೊದಲು ಲೆಕ್ಕ ಹೇಳ್ತೀನಿ.

ತಾಯಿ ಪತಂಗ ಎಳೆ ಎಲೆಯಲ್ಲಿ, ಹೆಚ್ಚಾಗಿ ಕೆಳಮೈಯಲ್ಲಿ, ನಡುನರದ ಹತ್ತಿರ ಒಂದೊಂದೇ ಮೊಟ್ಟೆ ಇಡುತ್ತದೆ. ಒಟ್ಟು ಸುಮಾರು 50 ಇಡಬಹುದು. ಮೊಟ್ಟೆ ಕಾಲು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, ಪಾರದರ್ಶಕ. ನೀರಿನ ಹನಿ ಅಂತಲೇ ಮೋಸ ಹೋಗುತ್ತೇವೆ. ಬಲಿತ ಎಲೆ ಅದಕ್ಕೆ ಬೇಡ.

ಮರಿ ಮೊಟ್ಟೆಯಿಂದ ನೇರ ಎಲೆಯೊಳಕ್ಕೆ ಇಳಿಯುತ್ತದೆ. ಹೊರಗಿನ ಗಾಳಿಯನ್ನೇ ಕಾಣುವುದಿಲ್ಲ. ಮೊದಲು ನಡುನರದ ಪಕ್ಕದಲ್ಲಿ, ಆಮೇಲೆ ಸುತ್ತಿ ಬಳಸಿ ಅಂಚಿನ ಕಡೆಗೆ. ಪೊರೆ ಬಿಟ್ಟು ಬಿಟ್ಟು ನಾಲ್ಕು ಹಂತ ದಾಟುತ್ತದೆ. ಮೂರು ಹಂತದಲ್ಲಿ ಬರೀ ಊಟ. ನಾಲ್ಕನೆಯದು ವಿಚಿತ್ರ. ಊಟವೇ ಇಲ್ಲ, ಬರೀ ನೂಲು ತೆಗೆಯೋದು. ಅಂಚಿಗೆ ಬಂದು ನೂಲು ಎಳೆದು ಕಟ್ಟುತ್ತದೆ. ನೂಲು ಬಿಗಿದಾಗ ಎಲೆ ಮಡಚಿಕೊಳ್ಳುತ್ತದೆ. ಅದೇ ನಿಮ್ಮ ಕರಜಿಕಾಯಿ. ಒಳಗೆ ಕೋಶ. ಕೋಶದ ತಲೆಯಲ್ಲಿ ಚೂಪು ಮುಳ್ಳು ಇರುತ್ತದೆ, ಗೂಡು ಹರಿದು ಬರೋದಕ್ಕೆ.

ಬೆಚ್ಚಗಿದ್ದರೆ ಮೊಟ್ಟೆಯಿಂದ ಪತಂಗದವರೆಗೆ ಎರಡು ವಾರ ಸಾಕು. ಚಳಿಯಲ್ಲಿ ಏಳು ವಾರವೂ ಆಗಬಹುದು. ಬೆಂಗಳೂರಿನ ಈಗಿನ ಹವಕ್ಕೆ ಎರಡೂವರೆ ಮೂರು ವಾರ ಅಂದುಕೊಳ್ಳಿ.

ಅಂಚು ಮಡಚಿದ ಎಲೆಯನ್ನೇ ಕೀಳಿ. ಅರ್ಧ ಗೆರೆಯ ಎಲೆ ಕಿತ್ತರೆ ಎಲೆ ಬಾಡುತ್ತದೆ, ಹುಳು ಸಾಯುತ್ತದೆ. ಬೇರೆ ಎಲೆಗೆ ದಾಟೋದು ಅದಕ್ಕೆ ಗೊತ್ತಿಲ್ಲ. ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ ಗಾಜಿನ ಬಾಟ್ಲಿಯಲ್ಲಿಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ಮುಚ್ಚಳ ಬೇಡ.

ತಾರಸಿಗಿಡ, ಆಗಸ್ಟ್ 15

ಮೊದಲನೇ ಪ್ರಯತ್ನ ಹಾಳಾಯಿತು. ಮುಚ್ಚಳ ಬೇಡ ಅಂದಿದ್ದಿರಿ, ಇರುವೆ ಬರುತ್ತೆ ಅಂತ ಭಯಪಟ್ಟು ಉಪ್ಪಿನಕಾಯಿ ಬಾಟ್ಲಿಗೆ ಮುಚ್ಚಳ ಬಿಗಿದುಬಿಟ್ಟೆ. ಮೂರೇ ದಿನಕ್ಕೆ ಎಲೆಯ ತುಂಬ ಬೂಷ್ಟು. ಮಗಳು ಅತ್ತಳು.

ಇವತ್ತು ಮತ್ತೆ ನಾಲ್ಕು ಎಲೆ ಕಿತ್ತು ಬೇರೆ ಬೇರೆ ಬಾಟ್ಲಿಯಲ್ಲಿಟ್ಟಿದ್ದೀನಿ, ಬಟ್ಟೆ ಕಟ್ಟಿ. ಬಾಟ್ಲಿಗಳನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟಿದ್ದೇನೆ, ಇರುವೆಗೆ.

ಗಿಡದಲ್ಲೇ ಒಂದು ಎಳೆ ಎಲೆಗೆ ಗುರುತಿಗೆ ಕೆಂಪು ದಾರ ಕಟ್ಟಿದ್ದೆ, 12ನೇ ತಾರೀಕು. ಅವತ್ತು ಗೆರೆ ಅಕ್ಕಿಕಾಳಿನಷ್ಟು ಉದ್ದ, ಕೂದಲಿನಷ್ಟು ತೆಳು. ಇವತ್ತು ನೋಡಿದರೆ ಎಲೆಯ ಅರ್ಧ ಸುತ್ತಿದೆ. ಹೋಗ್ತಾ ಹೋಗ್ತಾ ದಾರಿ ಅಗಲವಾಗಿದೆ. ಎಲ್ಲೂ ತನ್ನ ಗೆರೆಯನ್ನು ತಾನು ದಾಟಿಲ್ಲ! ಮಗಳು ಟ್ರೇಸಿಂಗ್ ಪೇಪರ್ ಇಟ್ಟು ನಕಲು ಮಾಡಿಕೊಂಡಿದ್ದಾಳೆ. ದಿನಕ್ಕೊಂದು ಬಣ್ಣ.

ಚೆಟ್ಟಳ್ಳಿಕಿತ್ತಳೆ (ಕೊಡಗು), ಆಗಸ್ಟ್ 16

ಈ ಟ್ರೇಸಿಂಗ್ ಪೇಪರ್ ಫೋಟೋ ದಯವಿಟ್ಟು ಹಾಕಿ.

ನಮ್ಮಲ್ಲಿ ಕಾಫಿಯ ನಡುವೆ ಕಿತ್ತಳೆ. ಹೂಮಳೆ ಬಿದ್ದು ಚಿಗುರಿದಾಗ ಒಂದು ಸಲ, ಮಳೆಗಾಲ ಕಳೆದು ಇನ್ನೊಂದು ಸಲ ಈ ಗೆರೆ ಕಾಣುತ್ತದೆ. ದೊಡ್ಡ ಮರಕ್ಕೆ ಏನೂ ಮಾಡಲ್ಲ. ಸಸಿಗೆ ಮಾತ್ರ ಬೇವು.

ಹಸಿರುಮನೆ99, ಆಗಸ್ಟ್ 17

ಎಲ್ಲರೂ ಹುಳುವನ್ನು ಸಾಕ್ತಾ ಕೂತಿದ್ದೀರಲ್ಲ! ಒಂದು ಸಲ ಸರಿಯಾದ ಮದ್ದು ಹೊಡೆದರೆ ಮುಗೀತು. ಮೈಗೆ ಹೀರಿಕೊಳ್ಳುವ ಔಷಧ ಎಲೆಯೊಳಗೂ ಹೋಗುತ್ತೆ. ಕೆಲಸ ಮಾಡಲ್ಲ ಅಂತೀರಾ?

ಭೂತಗನ್ನಡಿ, ಆಗಸ್ಟ್ 17

ಕೆಲಸ ಮಾಡುತ್ತದೆ. ಸುಳ್ಳು ಹೇಳಲ್ಲ. ನರ್ಸರಿಯವರು ಅದಕ್ಕೇ ಬಳಸೋದು. ಆದರೆ ಅವರ ಸಸಿಯಲ್ಲಿ ಹೂವಿಲ್ಲ, ಕಾಯಿಲ್ಲ. ಇವರ ಗಿಡದ ಕಾಯಿ ನಾಳೆ ಪಾನಕಕ್ಕೆ ಬೀಳುತ್ತದೆ. ಹೂವಿಗೆ ಜೇನುಹುಳು ಬರುತ್ತವೆ. ಹೀರಿಕೊಂಡ ಔಷಧ ಹೂವಿನ ರಸದಲ್ಲೂ ಇರುತ್ತದೆ.

ಮೇಲೆ ಮೇಲೆ ಹೊಡೆಯುವ ಬೇರೆ ಔಷಧಗಳದ್ದು ಇನ್ನೊಂದು ಫಜೀತಿ. ಹುಳು ಸಿಪ್ಪೆಯೊಳಗೆ ಕ್ಷೇಮವಾಗಿರುತ್ತದೆ. ಹೊರಗೆ ಓಡಾಡುವ ಅದರ ಶತ್ರುಗಳು ಸಾಯುತ್ತವೆ. ಮೊದಲನೇ ಬಾಟ್ಲಿ ಖಾಲಿಯಾದ ಮೇಲೂ ಹೊಸ ಎಲೆಗೆ ಗೆರೆ ಬಂತು ಅಂದರಲ್ಲ, ಆಶ್ಚರ್ಯ ಇಲ್ಲ.

ಶತ್ರು ಯಾರು ಅಂತ ಈಗ ಹೇಳಲ್ಲ. ನಾಲ್ಕು ಬಾಟ್ಲಿ ಇದೆಯಲ್ಲ, ಕಾಯೋಣ.

ತಾರಸಿಗಿಡ, ಆಗಸ್ಟ್ 21

ಸರ್! 2ನೇ ಬಾಟ್ಲಿಯಲ್ಲಿ ಏನೋ ಓಡಾಡ್ತಿದೆ. ಪತಂಗ ಅಲ್ಲ. ಸಾಸಿವೆಗಿಂತ ಚಿಕ್ಕದು, ಕಪ್ಪು, ಬೆಳಕಿಗೆ ಹಸಿರು ಮಿಂಚುತ್ತೆ. ರೆಕ್ಕೆ ಇದೆ, ಹಾರೋದಕ್ಕಿಂತ ನೆಗೆಯೋದೇ ಜಾಸ್ತಿ. ಎಲೆ ಬಿಡಿಸಿ ನೋಡಿದೆ. ಅಂಚಿನ ಮಡಿಕೆಯಲ್ಲಿ ಹಳೇ ಕೋಶ ಇಲ್ಲವೇ ಇಲ್ಲ. ಇನ್ನೊಂದು ಗೆರೆ ಇತ್ತು ಅದೇ ಎಲೆಯಲ್ಲಿ, ಅರ್ಧಕ್ಕೇ ನಿಂತಿದ್ದು. ಅದರ ಮಧ್ಯದಲ್ಲಿ ಕಪ್ಪಗೆ ಒಂದು ಸಣ್ಣ ಸಿಪ್ಪೆ, ಮೇಲೆ ಗುಂಡಗೆ ತೂತು. ಇದು ಎಲ್ಲಿಂದ ಬಂತು? ಬಟ್ಟೆ ಬಿಗಿಯಾಗಿತ್ತು!

ಭೂತಗನ್ನಡಿ, ಆಗಸ್ಟ್ 21

ಇದಕ್ಕೇ ಕಾಯ್ತಾ ಇದ್ದೆ. ಅದು ಕಣಜ. ಕಚ್ಚುವ ಕಣಜ ಅಲ್ಲ, ಗಾಬರಿಬೇಡ. ಯುಲೊಫಿಡೇ ಕುಟುಂಬದ್ದು ಇರಬೇಕು.

ತಾಯಿ ಕಣಜ ಎಲೆಯ ಮೇಲೆ ನಡೆದಾಡಿ, ಮೀಸೆಯಿಂದ ತಟ್ಟಿ ತಟ್ಟಿ ಸಿಪ್ಪೆಯಡಿ ಹುಳು ಎಲ್ಲಿದೆ ಅಂತ ಪತ್ತೆ ಹಚ್ಚುತ್ತದೆ. ಸೂಜಿಯಂಥ ಅಂಗವನ್ನು ಸಿಪ್ಪೆಯೊಳಗೆ ತೂರಿಸಿ ಮೊಟ್ಟೆ ಇಡುತ್ತದೆ. ಅದರ ಮರಿ ಈ ಹುಳುವನ್ನು ತಿಂದು, ಅದೇ ಸುರಂಗದಲ್ಲಿ ಕೋಶವಾಗುತ್ತದೆ. ಪತಂಗದ ಕೋಶ ಯಾವಾಗಲೂ ಅಂಚಿನ ಮಡಿಕೆಯಲ್ಲಿ. ಗೆರೆ ಅರ್ಧಕ್ಕೆ ನಿಂತು, ನಡುವಿನಲ್ಲಿ ಕಪ್ಪು ಕೋಶ ಇದ್ದರೆ ಹೆಚ್ಚಿನ ಸಲ ಕಣಜದ್ದೇ. ತಾರಸಿಯ ಎಲ್ಲ ಎಲೆಗಳನ್ನೂ ಬೆಳಕಿಗೆ ಹಿಡಿದು ಅರ್ಧ ಗೆರೆಗಳನ್ನು ಎಣಿಸಿ.

ತಾರಸಿಗಿಡ, ಆಗಸ್ಟ್ 22

ಎಣಿಸಿದೆ. ಗೆರೆ ಬಿದ್ದ ಎಲೆ 61. ಅದರಲ್ಲಿ ಅಂಚಿಗೆ ಮುಟ್ಟಿ ಮಡಚಿದ್ದು 23. ಇನ್ನೂ ಜೀವ ಇರೋದು 9. ಉಳಿದ 29 ಅರ್ಧಕ್ಕೇ ನಿಂತಿವೆ. ಕೆಲವದರಲ್ಲಿ ಕಪ್ಪು ಕೋಶ, ಕೆಲವದರಲ್ಲಿ ಒಣಗಿದ ಹುಳು, ಕೆಲವು ಖಾಲಿ. ಅರ್ಧದಷ್ಟು ಹುಳು ನಾನು ಏನೂ ಮಾಡದೆಯೇ ಹೋಗಿವೆ!

ಗಜನಿಂಬೆಗಿಂತ ನಾಟಿ ನಿಂಬೆಯಲ್ಲಿ ಗೆರೆ ಜಾಸ್ತಿ. ಯಾಕೆ ಅಂತ ಯೋಚಿಸಿದೆ. ನಾಟಿ ಗಿಡಕ್ಕೆ ವಾರ ವಾರ ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕ್ತಿದ್ದೆ, ಕಾಯಿ ಬಿಡಲಿ ಅಂತ. ಅದು ಚಿಗುರೋದನ್ನು ನಿಲ್ಲಿಸಿಯೇ ಇಲ್ಲ.

ಇಂಡಿನಿಂಬೆ, ಆಗಸ್ಟ್ 22

ಇಷ್ಟು ಲೆಕ್ಕ ನಾವೂ ಬರೆದಿಟ್ಟಿಲ್ಲ ಅಕ್ಕಾರ. ಹಿಂಡಿ ನೀರು ಕಡಿಮೆ ಮಾಡಿ. ಬುಡದಿಂದ ನೆಟ್ಟಗೆ ಮೇಲೆ ಏಳುವ ದಪ್ಪ ಚಿಗುರು ಇದ್ದರೆ ಅದನ್ನಷ್ಟೇ ತೆಗೀರಿ. ಅದು ಕಾಯಿ ಕೊಡುವುದಿಲ್ಲ, ಹುಳಕ್ಕೆ ಮಾತ್ರ ಊಟ ಹಾಕುತ್ತದೆ. ನಾವು ಹಸ್ತ ಬಹಾರಕ್ಕೆ (ಹಸ್ತ ಮಳೆಯ ಹೊತ್ತಿನ ಹೂವಿಗೆ) ನೀರು ನಿಲ್ಲಿಸಿ ಗಿಡ ಒಣಗಿಸುತ್ತೇವೆ. ಆಮೇಲೆ ನೀರು ಕೊಟ್ಟಾಗ ಎಲ್ಲ ಗಿಡ ಒಟ್ಟಿಗೇ ಚಿಗುರುತ್ತವೆ. ಒಟ್ಟಿಗೆ ಚಿಗುರಿ ಒಟ್ಟಿಗೆ ಬಲಿತರೆ ಹುಳಕ್ಕೆ ಸಿಗುವ ದಿನವೇ ಕಡಿಮೆ.

ಸಣ್ಣ ಗಿಡಕ್ಕೆ ಹೊಡೆಯಲೇಬೇಕು ಅಂದ್ರೆ ಬೇವಿನ ಬೀಜದ ಕಷಾಯ. ಬೀಜದ ತಿರುಳು 50 ಗ್ರಾಂ ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಹಿಂಡಿ ಸೋಸಿ, ಚೂರು ಸೋಪು ಕಲಸಿ ಸಂಜೆ ಹೊಡೆಯಿರಿ. ಚಿಗುರು ಬೆರಳುಗುರಿನಷ್ಟು ಇದ್ದಾಗಲೇ. ಗೆರೆ ಬಿದ್ದ ಮೇಲೆ ಹೊಡೆದು ಏನು ಉಪಯೋಗ?

ಸಿಲಿಕಾನ್‌ಕಣಿವೆ (ಕ್ಯಾಲಿಫೋರ್ನಿಯಾ), ಆಗಸ್ಟ್ 22

ಇಷ್ಟು ದಿನ ಸುಮ್ನೆ ಓದ್ತಾ ಇದ್ದೆ. ನಮ್ಮ ಹಿತ್ತಲಿನ ಮೆಯರ್ ನಿಂಬೆಗೂ ಇದೇ ರಂಗೋಲಿ. ಇಲ್ಲಿಯವರು ಇದನ್ನು ಹೊಸ ಹುಳು ಅಂತಾರೆ. ಫ್ಲಾರಿಡಾದಲ್ಲಿ 1993ರಲ್ಲಿ ಕಾಣಿಸಿತು, ನಮ್ಮ ರಾಜ್ಯದ ದಕ್ಷಿಣ ತುದಿಗೆ 2000ದಲ್ಲಿ ಬಂತು. ಕಲ್ಕತ್ತದಲ್ಲಿ 1856ರಲ್ಲೇ ಹೆಸರಿಟ್ಟಿದ್ದರು ಅಂತ ಇಲ್ಲಿ ಓದಿ ನಗು ಬಂತು. ನಾನು ಇಲ್ಲಿಗೆ ಬಂದಿದ್ದೂ ಹುಳು ಬಂದ ಸುಮಾರಿಗೇ, 2001ರಲ್ಲಿ.

ಇಲ್ಲಿ ಹೆಣ್ಣು ಪತಂಗದ ವಾಸನೆ ಇರುವ ಅಂಟಿನ ಬಲೆ ಸಿಗುತ್ತದೆ. ತಂದು ತೂಗುಹಾಕಿದೆ. ಗಂಡು ಪತಂಗ ರಾಶಿ ಬಿದ್ದವು. ಗೆರೆ ಕಡಿಮೆಯಾಗಲಿಲ್ಲ.

ಭೂತಗನ್ನಡಿ, ಆಗಸ್ಟ್ 23

ಆ ಬಲೆ ಪತಂಗ ಯಾವಾಗ ಜಾಸ್ತಿಯಾಗುತ್ತೆ ಅಂತ ತಿಳಿಯೋದಕ್ಕೆ, ಮುಗಿಸೋದಕ್ಕಲ್ಲ. ನಾಲ್ಕು ಗಂಡು ಉಳಿದರೂ ಕೆಲಸ ನಡೆಯುತ್ತೆ.

ಫ್ಲಾರಿಡಾ ಅಂದಿರಲ್ಲ, ಅಲ್ಲಿಗೆ ಹುಳು ಹೋಯಿತು, ಅದರ ಶತ್ರು ಹೋಗಿರಲಿಲ್ಲ. ಆಮೇಲೆ 1994ರಲ್ಲಿ ಅಜೆನಿಯಾಸ್ಪಿಸ್ ಅನ್ನೋ ಕಣಜವನ್ನು ಬಿಟ್ಟರು. ಥಾಯ್ಲೆಂಡಿನದು, ಆಸ್ಟ್ರೇಲಿಯಾ ದಾರಿಯಾಗಿ ಹೋಗಿದ್ದು. ಅದರದ್ದು ಇನ್ನೂ ಮಜ. ಒಂದೇ ಮೊಟ್ಟೆ ಹುಳುವಿನೊಳಗೆ ಒಡೆದು ಹಲವು ಮರಿ ಆಗುತ್ತವೆ. ಅಂಚಿನ ಮಡಿಕೆ ಬಿಡಿಸಿದರೆ ಒಂದು ಪತಂಗದ ಬದಲು ಸಾಲಾಗಿ ಕಣಜದ ಕೋಶಗಳು.

ತಾರಸಿಗಿಡ, ಆಗಸ್ಟ್ 24

ಬಂತು!

ಬೆಳಿಗ್ಗೆ ಆರೂ ಕಾಲು. ಹಾಲು ಕಾಯಿಸಲು ಇಟ್ಟು ಬಾಟ್ಲಿ ಕಡೆ ಕಣ್ಣು ಹಾಯಿಸಿದೆ. 3ನೇ ಬಾಟ್ಲಿಯ ಎಲೆಯ ಮಡಿಕೆಯಿಂದ ಕಂದು ಬಣ್ಣದ ಖಾಲಿ ಸಿಪ್ಪೆ ಅರ್ಧ ಹೊರಗೆ ಚಾಚಿಕೊಂಡಿತ್ತು. ಪತಂಗ ಎಲ್ಲೂ ಕಾಣಲಿಲ್ಲ. ಗಾಜಿನ ಮೇಲೆ ಧೂಳಿನ ಕಣ ಇದೆ ಅಂತ ಒರೆಸಲು ಹೋದೆ. ಧೂಳು ನಡೆಯಿತು!

ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಮಗಳ ಭೂತಗನ್ನಡಿಯಲ್ಲಿ ನೋಡಿದೆವು. ಬೆಳ್ಳಿ ರೆಕ್ಕೆ. ಉದ್ದಕ್ಕೆ ಕಂದು ಗೆರೆಗಳು, ಅಲ್ಲಲ್ಲಿ ತೆಳು ಹಳದಿ. ರೆಕ್ಕೆಯ ತುದಿಯಲ್ಲಿ ಒಂದೊಂದು ಕಪ್ಪು ಚುಕ್ಕಿ, ದೃಷ್ಟಿಬೊಟ್ಟು ಇಟ್ಟ ಹಾಗೆ. ಅಂಚಿನಲ್ಲಿ ಕೂದಲಿನ ಕುಚ್ಚು. ರೇಷ್ಮೆ ಸೀರೆ ಸೆರಗಿನ ಥರ ಅಂದರು ನಮ್ಮತ್ತೆ. ಬಸವನಹುಳು ಮಾತು ಮರೆತುಬಿಟ್ಟಿದ್ದಾರೆ.

ಹಾಲು ಉಕ್ಕಿಹೋಯಿತು.

4ನೇ ಬಾಟ್ಲಿಯಲ್ಲಿ ಇನ್ನೂ ಏನೂ ಇಲ್ಲ. 1ರಲ್ಲಿ ಕೋಶ ಒಣಗಿದೆ.

ಭೂತಗನ್ನಡಿ, ಆಗಸ್ಟ್ 24

ಅಭಿನಂದನೆ. ಬೆಳಗಿನ ಜಾವಕ್ಕೇ ಬರೋದು ಅವು. ನಿಂಬೆ ಬೆಳೆದವರಲ್ಲಿ ಎಷ್ಟೋ ಜನ ಗೆರೆಯನ್ನು ಆಯುಷ್ಯವಿಡೀ ನೋಡಿರುತ್ತಾರೆ, ಈ ಪತಂಗವನ್ನು ಒಮ್ಮೆಯೂ ನೋಡಿರುವುದಿಲ್ಲ.

ಫೋಟೋ ಸ್ಪಷ್ಟವಾಗಿದೆ. ತುದಿಯ ಕಪ್ಪು ಚುಕ್ಕಿ ಕಾಣ್ತಿದೆ. ಗುರುತು ಖಚಿತ.

ಇಂಡಿನಿಂಬೆ, ಆಗಸ್ಟ್ 24

ನಾನೂ ನೋಡಿರಲಿಲ್ಲರಿ. ಇಪ್ಪತ್ತು ವರ್ಷ ಆತು ಲಿಂಬಿ ಹಚ್ಚಿ.

ಹಸಿರುಮನೆ99, ಆಗಸ್ಟ್ 25

ಒಪ್ಪಿದೆ ಸ್ವಾಮಿ. ಆದರೂ ನನ್ನ ಗಿಡಕ್ಕೆ ಬೇವು ಹೊಡೆಯೋದೇ. ಸಾಕೋದಿಲ್ಲ.

ಬೇರೆ ಪ್ರಶ್ನೆ. ಪಕ್ಕದ ಮನೆ ಬಿಲ್ವದ ಎಲೆಯಲ್ಲೂ ಇದೇ ಥರ ಬೆಳ್ಳಿ ಗೆರೆ ಇದೆ. ಇದೇ ಹುಳುವಾ?

ಭೂತಗನ್ನಡಿ, ಆಗಸ್ಟ್ 25

ಇರಬಹುದು. ಬಿಲ್ವ, ಕರಿಬೇವು, ನಿಂಬೆ ಮೂರೂ ಒಂದೇ ಕುಟುಂಬ. ಬಿಲ್ವದಲ್ಲಿ ಈ ಹುಳು ಇರೋದು ದಾಖಲಾಗಿದೆ. ನಡುವೆ ಹಿಕ್ಕೆಯ ಎಳೆ, ಅಂಚಿನಲ್ಲಿ ಕರಜಿಕಾಯಿ ನೋಡಿ ಹೇಳಿ.

ಗೇರುಗುಡ್ಡೆ, ಆಗಸ್ಟ್ 25

ನಮ್ಮ ಮನೆಗೆ ಬರುವ ಭಟ್ಟರು ಬಿಲ್ವ ಆರಿಸುವಾಗ ಚಕ್ರ ಇರುವುದನ್ನು ಪಕ್ಕಕ್ಕಿಡುತ್ತಾರೆ. ಹುಳು ಮಾಡಿದ ಬಿಳಿ ಗುರುತಿಗೆ ಚಕ್ರ ಅಂತ ಹೆಸರಂತೆ. ನಾನು ಯಾವುದೋ ಶಾಸ್ತ್ರ ಅಂತ ಸುಮ್ಮನಿದ್ದೆ ಮಾರಾಯ್ರೆ. ಹುಳದ ರಂಗೋಲಿಗೂ ಒಂದು ಹೆಸರಿಟ್ಟಿದ್ದಾರೆ ನೋಡಿ!

ತಾರಸಿಗಿಡ, ಅಕ್ಟೋಬರ್ 6

ಬಹಳ ದಿನ ಆಯಿತು. ಹಿಂಡಿ ನೀರು ನಿಲ್ಲಿಸಿದ ಮೇಲೆ ನಾಟಿ ನಿಂಬೆ ಒಂದು ತಿಂಗಳು ಚಿಗುರಲಿಲ್ಲ. ಹಳೇ ಗೆರೆ ಎಲೆಗಳೆಲ್ಲ ಬಲಿತು ಹಸಿರಾಗಿಯೇ ಇವೆ, ಉದುರಿಲ್ಲ. ಮೂರು ಕಾಯಿ ಕಚ್ಚಿದೆ. ಸೀಲ್ ಒಡೆಯದ ಎರಡು ಬಾಟ್ಲಿಗಳನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ಮೊನ್ನೆ ಮಳೆಗೆ ಮತ್ತೆ ಚಿಗುರು ಬಂದಿದೆ. ಇವತ್ತು ಬೆಳಿಗ್ಗೆ ಮಗಳು ಒಂದು ಎಳೆ ಎಲೆ ಮಗುಚಿ, ನಡುನರದ ಪಕ್ಕ ಒಂದು ನೀರಿನ ಹನಿ ತೋರಿಸಿದಳು. ಇಬ್ಬನಿ ಇರಬೇಕು ಅಂದೆ. ಮಧ್ಯಾಹ್ನ ಎರಡು ಗಂಟೆ ಬಿಸಿಲಿಗೂ ಅದು ಆರಿಲ್ಲ ಸರ್.

ಭೂತಗನ್ನಡಿ, ಅಕ್ಟೋಬರ್ 6

ಆರೋದಿಲ್ಲ. ಕೆಂಪು ದಾರ ಕಟ್ಟಿ. ನಾಡಿದ್ದು ಬೆಳಿಗ್ಗೆ ಟ್ರೇಸಿಂಗ್ ಪೇಪರ್ ರೆಡಿ ಇರಲಿ.